ತ್ರೀಡಿ ಚಿತ್ರದಲ್ಲಿ ಹೋಟೆಲ್ ವಿಶಾಲವಾಗಿ ಕಂಡರೆ ಸಾಕೇ?

ಸಾಲದು. ಅಗಲ ಕೋನದಿಂದ ತೋರಿಸಿದರೆ ಇಕ್ಕಟ್ಟಾದ ಹಾಲ್ ಕೂಡ ದೊಡ್ಡದಾಗಿ ಕಾಣುತ್ತದೆ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಂಥ ಕಡೆ, ಪಾಳಿ ಮುಗಿದಾಗ ಜನ ಒಟ್ಟಿಗೆ ಊಟಕ್ಕೆ ಬರುತ್ತಾರೆ. ಅಲ್ಲಿ ಹೋಟೆಲ್ ಮಾಡುವವರು ಕೆಲಸ ಶುರುವಾಗುವ ಮೊದಲೇ ರಟ್ಟಿನಲ್ಲಿ 1:20 ಅಳತೆಯ ಮಾದರಿ ಮಾಡಿ ನೋಡುವುದು ಒಳ್ಳೆಯದು ಎನ್ನುತ್ತೇವೆ ನಾವು.

ಇದರಲ್ಲಿ 1 ಮೀಟರ್ ಎಂದರೆ 5 ಸೆಂ.ಮೀ. ಟೇಬಲ್, ಕುರ್ಚಿಗಳನ್ನೂ ಇದೇ ಲೆಕ್ಕದಲ್ಲಿ ಕತ್ತರಿಸಿ. ಜನ ಕೂತಾಗ ಇರುವಂತೆ ಕುರ್ಚಿಗಳನ್ನು ಹಿಂದಕ್ಕೆ ಎಳೆದಿಡಿ. ಈಗ ನಡುವಿನ ದಾರಿಯಲ್ಲಿ 4.5 ಸೆಂ.ಮೀ. ಅಗಲದ ಪಟ್ಟಿ ಹಾಯುತ್ತದೆಯೇ? ಅದು ನಿಜದಲ್ಲಿ 90 ಸೆಂ.ಮೀ.; ಗಾಲಿಕುರ್ಚಿ ಸಲೀಸಾಗಿ ಹೋಗಲು ಇಷ್ಟಾದರೂ ಬೇಕು. ಹಾಯದಿದ್ದರೆ ಒಂದು ಟೇಬಲ್ ಕಡಿಮೆ ಮಾಡಿ. ಬೆಂಕಿ ಬಿದ್ದರೆ ಎಲ್ಲರೂ ಓಡಬೇಕಾದದ್ದು ಇದೇ ದಾರಿಯಲ್ಲಿ.

ಆದರೆ ಗದ್ದಲ, ಸೆಕೆ, ಒಗ್ಗರಣೆ ಹೊಗೆ ರಟ್ಟಿನ ಮಾದರಿಯಲ್ಲಿ ಗೊತ್ತಾಗುವುದಿಲ್ಲ. ಅವನ್ನು ಬೇರೆಯಾಗಿಯೇ ಪರೀಕ್ಷಿಸಬೇಕು.