ಹಾಡು ಜೇಬಿಗೆ ಬಂತು... ಹೆಸರು ಎಲ್ಲಿ ಹೋಯ್ತು?

ಮೈಸೂರಿನ ಅಣ್ಣ-ತಮ್ಮ ರಾಜನ್-ನಾಗೇಂದ್ರರ ಗಾನಭಂಡಾರ ಮೊಬೈಲಿಗೆ ಇಳಿದ ಕಥೆ

ಚಿತ್ರರಸಿಕರೇ, ಮೊದಲು ನಿಮಗೊಂದು ಪರೀಕ್ಷೆ!

1973ರ 'ಗಂಧದ ಗುಡಿ'. ಪ್ರತಿ ನವೆಂಬರ್ ಒಂದಕ್ಕೆ ಊರೂರ ಧ್ವಜಕಟ್ಟೆಯಲ್ಲಿ ಮೊಳಗುತ್ತಲ್ಲ, ಕನ್ನಡ ನುಡಿಯ ಮೇಲಿನ ಆ ಹಾಡು... ಅದನ್ನು ಹಾಡಿದವರು ಯಾರು? ರಾಗ ಹಾಕಿದವರು ಯಾರು? ಬರೆದವರು ಯಾರು?

ಇದೇ ಪ್ರಶ್ನೆಯನ್ನು ನಮ್ಮ ಸರಗೂರು ಬಸ್ ಸ್ಟ್ಯಾಂಡಿನಲ್ಲಿ ಮೈಸೂರು ಬಸ್ಸಿಗೆ ಕಾಯುತ್ತಿದ್ದ ನಾಲ್ಕು ಜನ ಹುಡುಗರಿಗೆ ಕೇಳಿದೆ. ನಾಲ್ವರ ಮೊಬೈಲಿನಲ್ಲೂ ಹಾಡು ಇದೆ. ಒಬ್ಬ ನಕ್ಕುಬಿಟ್ಟ. "ಅಣ್ಣಾವ್ರೇ ಹಾಡಿರೋದು ಕಣಣ್ಣ, ಅದನ್ನೂ ಕೇಳ್ಬೇಕಾ?"

ತಪ್ಪು! ಹಾಡಿದವರು ಪಿ.ಬಿ. ಶ್ರೀನಿವಾಸ್. ಅಣ್ಣಾವ್ರು ತಮ್ಮ ಹಾಡು ತಾವೇ ಹಾಡುವ ಪರಿಪಾಠ ಶುರುವಾದದ್ದು ಮರುವರ್ಷ, 1974ರ 'ಸಂಪತ್ತಿಗೆ ಸವಾಲ್' ಚಿತ್ರದ ಆಮೇಲೆ. ಬರೆದವರು ಚಿ. ಉದಯಶಂಕರ್. ಸಂಗೀತ ರಾಜನ್-ನಾಗೇಂದ್ರ. ಕೊನೆಯ ಹೆಸರು ಕೇಳಿ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಅವರು ಯಾವೂರೋರು ಅಣ್ಣ?"

ಯಾವೂರೋರು ಅಂತೀರಾ? ನೀವು ಹತ್ತಲು ಹೊರಟಿದ್ದೀರಲ್ಲ, ಆ ಬಸ್ಸು ಹೋಗಿ ನಿಲ್ಲುವ ಊರಿನವರೇ ಕಣ್ರಪ್ಪಾ!

ಶಿವರಾಂಪೇಟೆಯ ಜೋಡಿ

ಮೈಸೂರಿನ ಶಿವರಾಂಪೇಟೆಯ ಮನೆ. ತಂದೆ ರಾಜಪ್ಪನವರು ಹಾರ್ಮೋನಿಯಂ, ಕೊಳಲು ಬಲ್ಲವರು. ಮೂಕಿ ಚಿತ್ರಗಳ ಕಾಲದಲ್ಲಿ ಪರದೆಯ ಮುಂದೆ ಕೂತು ನುಡಿಸಿದವರು. ದೊಡ್ಡ ಮಗ ರಾಜನ್ ಕೈಗೆ ಪಿಟೀಲು ಬಂತು, ಚಿಕ್ಕ ಮಗ ನಾಗೇಂದ್ರ ಕೈಗೆ ಜಲತರಂಗ. ಇಬ್ಬರೂ ಸೇರಿ ಮದರಾಸಿಗೆ ಹೋದರು. 1953ರ 'ಸೌಭಾಗ್ಯಲಕ್ಷ್ಮಿ'ಯಿಂದ ಹೆಸರಿನ ನಡುವೆ ಒಂದು ಅಡ್ಡಗೆರೆ ಬಿತ್ತು. ರಾಜನ್-ನಾಗೇಂದ್ರ! ಆ ಅಡ್ಡಗೆರೆ ಆಮೇಲೆ ಅಳಿಸಲೇ ಇಲ್ಲ.

ಕನ್ನಡದಲ್ಲೇ ಇನ್ನೂರಕ್ಕೂ ಮಿಕ್ಕಿ ಚಿತ್ರಗಳು. ಪಟ್ಟಿ ಹೇಳ್ತೀನಿ, ಉಸಿರು ಬಿಗಿಹಿಡಿದು ಕೇಳಿ. 'ಮಂತ್ರಾಲಯ ಮಹಾತ್ಮೆ' (1966), 'ನ್ಯಾಯವೇ ದೇವರು' (1971), 'ಗಂಧದ ಗುಡಿ' (1973), 'ಎರಡು ಕನಸು' (1974), 'ಬಯಲುದಾರಿ' ಮತ್ತು 'ನಾ ನಿನ್ನ ಮರೆಯಲಾರೆ' (ಎರಡೂ 1976), 'ಹೊಂಬಿಸಿಲು' ಮತ್ತು 'ಪರಸಂಗದ ಗೆಂಡೆತಿಮ್ಮ' (ಎರಡೂ 1978), 'ಚಂದನದ ಗೊಂಬೆ' (1979), ಶಂಕರನಾಗ್‌ಗೆ ಪಟ್ಟ ಕಟ್ಟಿದ 'ಆಟೋ ರಾಜ' (1980), ಪುಟ್ಟ ಪುನೀತ್‌ಗೆ ರಾಷ್ಟ್ರಪ್ರಶಸ್ತಿ ತಂದ 'ಬೆಟ್ಟದ ಹೂವು' (1985)... ಸಾಕಾ?

ಅಣ್ಣಾವ್ರ ಅಭಿಮಾನಿ ಇರಲಿ, ವಿಷ್ಣು ಅಭಿಮಾನಿ ಇರಲಿ, ಶಂಕರಣ್ಣನ ಆಟೋ ಸ್ಟ್ಯಾಂಡಿನವನೇ ಇರಲಿ, ಈ ಇಬ್ಬರ ಹಾಡು ಗುನುಗದೆ ದೊಡ್ಡವನಾದವನು ನಮ್ಮ ಕಡೆ ಯಾರಿದ್ದಾನೆ?

ತಟ್ಟೆಯ ಕಾಲ

ಆಗ ಹಾಡು ಮನೆಗೆ ಬರುತ್ತಿದ್ದದ್ದು ತಟ್ಟೆಯಾಗಿ. ಮೊದಲು ನಿಮಿಷಕ್ಕೆ 78 ಸುತ್ತಿನ ಭಾರದ ತಟ್ಟೆ. ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆಯ ಒಂದೇ ಹಾಡು. ನಮ್ಮ ಚಿತ್ರಗೀತೆಗಳು ಮೂರು-ಮೂರೂವರೆ ನಿಮಿಷಕ್ಕೇ ಮುಗಿಯುವ ಅಭ್ಯಾಸ ಬೆಳೆದದ್ದು ಆ ಅಳತೆಯಿಂದ. ಆಮೇಲೆ 45 ಸುತ್ತಿನ 7 ಅಂಗುಲದ ಇ.ಪಿ. ತಟ್ಟೆ. ಮೂರೋ ನಾಲ್ಕೋ ಹಾಡು, ಮೇಲೆ ಚಿತ್ರದ ಬಣ್ಣದ ರಟ್ಟಿನ ಹೊದಿಕೆ.

ಆ ತಟ್ಟೆಯ ನಟ್ಟನಡುವಿನ ದುಂಡು ಚೀಟಿ ನೆನಪಿದೆಯಾ? ಚಿತ್ರದ ಹೆಸರು, ಹಾಡಿದವರು, ಬರೆದವರು, ಸಂಗೀತ. ಎಲ್ಲಾ ಅಚ್ಚಾಗಿರುತ್ತಿತ್ತು. ಮದುವೆ ಚಪ್ಪರದಲ್ಲಿ ಮೈಕ್ ಸೆಟ್‌ನವನ ಪಕ್ಕ ಕೂತು, ತಟ್ಟೆ ನಿಂತ ತಕ್ಷಣ ಬಗ್ಗಿ ಅದನ್ನು ಓದುವುದೇ ನಮಗೆ ಹುಚ್ಚು. ನಾನು ಕನ್ನಡ ಕಲಿತದ್ದು ಅರ್ಧ ಇಸ್ಕೂಲಿನಲ್ಲಿ, ಅರ್ಧ ಟಾಕೀಸಿನ ಮುಂದೆ ಮಾರುತ್ತಿದ್ದ ಹಾಡಿನ ಪುಸ್ತಕದಲ್ಲಿ! ಅದರಲ್ಲೂ ಅಷ್ಟೇ. ಕಥಾಸಾರ ಅರ್ಧಕ್ಕೆ ನಿಲ್ಲಿಸಿ 'ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ' ಅಂತಿದ್ದರು. ಆದರೆ ಹೆಸರು ಮಾತ್ರ ಅರ್ಧಕ್ಕೆ ನಿಲ್ಲಿಸುತ್ತಿರಲಿಲ್ಲ.

ಬೀಟಲ್ಸ್ ಹಾಡಿಗೂ ಬೀಗ ಬಿದ್ದಿತ್ತು!

ಈಗ ಹಾಡಿಗೆ ತಟ್ಟೆ ಬೇಡ, ಕ್ಯಾಸೆಟ್ ಬೇಡ. ಡಿಜಿಟಲ್ ಅಂಗಡಿ ಇದೆ. ಆದರೆ ಅಂಗಡಿ ತೆರೆದ ಮಾತ್ರಕ್ಕೆ ಎಲ್ಲ ಹಾಡೂ ಕಪಾಟಿಗೆ ಬಂದು ಕೂರುವುದಿಲ್ಲ ಸ್ವಾಮಿ. ಲೋಕಪ್ರಸಿದ್ಧ ಬೀಟಲ್ಸ್ ತಂಡದ್ದೇ ಉದಾಹರಣೆ ತಗೊಳ್ಳಿ.

ಬೀಟಲ್ಸ್ ಹುಡುಗರು 1968ರಲ್ಲಿ 'ಆ್ಯಪಲ್' ಅಂತ ಸ್ವಂತ ಕಂಪನಿ ಕಟ್ಟಿದರು. 1976ರಲ್ಲಿ ಅಮೆರಿಕದಲ್ಲಿ ಇನ್ನೊಂದು 'ಆ್ಯಪಲ್' ಹುಟ್ಟಿತು, ಕಂಪ್ಯೂಟರಿನದು. ಹೆಸರಿಗಾಗಿ ಜಗಳ! 1981ರಲ್ಲಿ 80 ಸಾವಿರ ಡಾಲರ್ ಕೊಟ್ಟು ಕಂಪ್ಯೂಟರಿನವರು ರಾಜಿಯಾದರು. ಷರತ್ತು ಒಂದೇ, ಸಂಗೀತದ ದಂಧೆಗೆ ಕೈ ಹಾಕಬಾರದು. 1991ರಲ್ಲಿ ಮತ್ತೊಂದು ರಾಜಿ, ಈ ಸಲ 2 ಕೋಟಿ 65 ಲಕ್ಷ ಡಾಲರ್. 2003ರಲ್ಲಿ ಕಂಪ್ಯೂಟರ್ ಆ್ಯಪಲ್ 'ಐಟ್ಯೂನ್ಸ್' ಎಂಬ ಹಾಡಿನ ಅಂಗಡಿಯನ್ನೇ ತೆರೆದುಬಿಟ್ಟಿತು. ಮತ್ತೆ ಲಂಡನ್ ಕೋರ್ಟು! ಹೆಸರಿನ ಜಗಳ ಪೂರ್ತಿ ಬಗೆಹರಿದದ್ದು 2007ರಲ್ಲಿ. ಹಾಡುಗಳು ಆ ಅಂಗಡಿಗೆ ಬಂದದ್ದು 2010ರ ನವೆಂಬರ್ 16ರಂದು. ಮೊದಲ ವಾರದಲ್ಲೇ 20 ಲಕ್ಷ ಬಿಡಿಹಾಡು ಖರ್ಚಾದವು. ತಂಡ ಮುರಿದು ಆಗಲೇ 40 ವರ್ಷ!

ಎಸಿ/ಡಿಸಿ ಎಂಬ ಇನ್ನೊಂದು ರಾಕ್ ತಂಡದವರ ಹಟ ಬೇರೆ ತರ. ಅವರ ಹಾಡು ಆ ಅಂಗಡಿಗೆ ಬಂದದ್ದು 2012ರ ನವೆಂಬರಿನಲ್ಲಿ. ಆಲ್ಬಂ ಒಡೆದು ಬಿಡಿಹಾಡು ಮಾರಬಾರದು ಅನ್ನುವುದು ಅಲ್ಲಿಯವರೆಗೂ ಅವರ ವಾದ. ಸಿನಿಮಾವನ್ನು ಒಂದೊಂದೇ ರೀಲು ಬಿಡಿಯಾಗಿ ಮಾರಿದರೆ ನಿರ್ದೇಶಕ ಸುಮ್ಮನಿರುತ್ತಾನಾ? ಹಾಗೆ.

ಎರಡೂ ಕಡೆ ಒಂದು ಮಾತು ಗಮನಿಸಿ. ಆ ತಂಡಗಳಿಗೆ 'ಬೇಡ' ಅನ್ನುವ ಅಧಿಕಾರ ಇತ್ತು. ನಮ್ಮ ಅಣ್ಣ-ತಮ್ಮಂದಿರಿಗೆ?

ನಮ್ಮ ಪೆಟ್ಟಿಗೆಯ ಬೀಗದ ಕೈ

ಆ ಕಾಲದ ಕನ್ನಡ ಚಿತ್ರಗೀತೆಗಳ ದೊಡ್ಡ ಪಾಲು ಹೊರಬಂದದ್ದು ನಾಯಿ ಗುರುತಿನ ಎಚ್‌ಎಂವಿ, ಅಂದರೆ ಗ್ರಾಮಾಫೋನ್ ಕಂಪನಿಯ ತಟ್ಟೆಗಳಲ್ಲಿ. ಆ ಕಂಪನಿಯೇ 2000ದಲ್ಲಿ 'ಸರಿಗಮ' ಅಂತ ಹೆಸರು ಬದಲಿಸಿಕೊಂಡಿತು. ಬೀಗದ ಕೈ ಅವರ ಬಳಿ.

2019ರ ಫೆಬ್ರವರಿ ಕೊನೆಯಲ್ಲಿ 'ಸ್ಪಾಟಿಫೈ' ಎಂಬ ವಿದೇಶಿ ಹಾಡಿನಂಗಡಿ ಭಾರತಕ್ಕೆ ಬಂತು. ಸರಿಗಮಕ್ಕೂ ಅದಕ್ಕೂ ಒಪ್ಪಂದ ಕುದುರಲಿಲ್ಲ. ವಿಷಯ ದೆಹಲಿ ಹೈಕೋರ್ಟಿಗೆ ಹೋಯ್ತು. ಏಪ್ರಿಲಿನಲ್ಲಿ ಸರಿಗಮದ ಹಾಡುಗಳನ್ನೆಲ್ಲ ತೆಗೆದುಹಾಕಲು ಸ್ಪಾಟಿಫೈ ಒಪ್ಪಿತು. ಬೇರೆ ಆ್ಯಪ್‌ಗಳಲ್ಲಿ, ಯೂಟ್ಯೂಬಿನಲ್ಲಿ ಹಾಡು ಸಿಗುತ್ತಿದ್ದವು ನಿಜ. ಆದರೆ ಲೋಕದಲ್ಲೇ ದೊಡ್ಡದೆನಿಸಿಕೊಂಡ ಆ ಅಂಗಡಿಯಲ್ಲಿ ವರ್ಷದ ಮೇಲೆ ನಮ್ಮ ಹಳೆಯ ಕಪಾಟು ಖಾಲಿ! ಕೊನೆಗೆ 2020ರ ಜೂನ್ ತಿಂಗಳಲ್ಲಿ ಒಪ್ಪಂದವಾಯ್ತು. ನಾನಾ ಭಾಷೆಯ ಒಂದು ಲಕ್ಷಕ್ಕೂ ಮೀರಿದ ಹಾಡು ಒಟ್ಟಿಗೇ ಬಂದು ಇಳಿದವು. ಅದರಲ್ಲಿ ನಮ್ಮ ಪಾಲೂ ಇತ್ತು. ಲಂಡನ್ನಿನಲ್ಲಿರುವ ಕನ್ನಡಿಗನಿಗೂ ಸರಗೂರಿನ ಹುಡುಗನಿಗೂ ಒಂದೇ ಗಳಿಗೆಯಲ್ಲಿ ಹಾಡು ಸಿಕ್ಕಿತು.

ಸಂತೋಷ ಪಡಬೇಕಾದ ಸಂಗತಿ. ಆದರೆ ಆ ವರ್ಷ ಎಂಥದು ನೋಡಿ. ಸೆಪ್ಟೆಂಬರ್ 25ಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಹೋದರು. ಹದಿನಾರೇ ದಿನಕ್ಕೆ, ಅಕ್ಟೋಬರ್ 11ರ ರಾತ್ರಿ, ಬೆಂಗಳೂರಿನಲ್ಲಿ ರಾಜನ್ ಕಣ್ಣುಮುಚ್ಚಿದರು. ತಮ್ಮ ನಾಗೇಂದ್ರ 2000ದ ನವೆಂಬರಿನಲ್ಲೇ ಹೋಗಿದ್ದರು. ಉದಯಶಂಕರ್ 1993ರಲ್ಲಿ, ಪಿ.ಬಿ.ಎಸ್. 2013ರಲ್ಲಿ. ಹಾಡು ಜಗತ್ತಿಗೆಲ್ಲ ತಲುಪುವ ಹೊತ್ತಿಗೆ ಮಾಡಿದವರ ಮನೆಯಲ್ಲಿ ದೀಪ ಹಚ್ಚಿಟ್ಟ ಫೋಟೋ ಉಳಿದಿತ್ತು.

ಹೆಸರು ಅಂದರೆ ವಿಳಾಸ!

ಈಗ ನಿಮ್ಮ ಮೊಬೈಲ್ ತೆಗೆದು ನೋಡಿ. ಹಾಡಿನ ಚಿತ್ರ, ಕೆಳಗೆ ಸಣ್ಣ ಅಕ್ಷರದಲ್ಲಿ ಒಂದೆರಡು ಹೆಸರು, ಬಹಳ ಸಲ ಹಾಡಿದವರದು. ಬರೆದ ಕವಿಯ ಹೆಸರು ಬೇಕಾದರೆ ಇನ್ನೆಲ್ಲೋ ಒತ್ತಿ, ಒಳಗೆ ಹೋಗಿ ಹುಡುಕಬೇಕು. ಅಲ್ಲೂ ಎಲ್ಲ ಹಾಡಿಗೂ ಸಿಗುತ್ತದೆ ಅನ್ನುವ ಹಾಗಿಲ್ಲ. ಇನ್ನು ಇಂಗ್ಲಿಷ್ ಅಕ್ಷರದಲ್ಲಿ 'ರಾಜನ್-ನಾಗೇಂದ್ರ' ಅನ್ನುವುದನ್ನು ಅಡ್ಡಗೆರೆ ಹಾಕಿ ಬರೆದರೆ ಒಂದು, ಹಾಕದೆ ಬರೆದರೆ ಇನ್ನೊಂದು, ಇಬ್ಬರನ್ನೂ ಬಿಡಿಸಿ ಬರೆದರೆ ಮತ್ತೊಂದು. ನಮಗೆ ಮೂರೂ ಒಂದೇ. ಯಂತ್ರಕ್ಕೆ ಅವು ಮೂರು ಬೇರೆ ಬೇರೆ ಹೆಸರು!

"ಹೆಸರಲ್ಲೇನಿದೆ ಬಿಡಣ್ಣ, ಹಾಡು ಕೇಳಿದರೆ ಸಾಲದಾ?" ಅಂತೀರಿ. ಸಾಲದು ತಮ್ಮಾ. ಯಾಕೆ ಅಂತ ಹೇಳ್ತೀನಿ.

1977ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ನಿರ್ಮಾಪಕ ದುಡ್ಡು ಕೊಟ್ಟು ಚಿತ್ರಕ್ಕಾಗಿ ಮಾಡಿಸಿದ ಸಂಗೀತ-ಸಾಹಿತ್ಯದ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ನಿರ್ಮಾಪಕನದೇ. ಅಂದರೆ ಸಂಭಾವನೆ ಕೈಗೆ ಬಿದ್ದ ದಿನ ಹಾಡಿನ ಜೊತೆ ಋಣ ತೀರಿತು! ಆಮೇಲೆ ಆ ಹಾಡು ಲಕ್ಷ ಸಲ ಮೊಳಗಲಿ, ಕೋಟಿ ಸಲ ಮೊಳಗಲಿ, ಕೇಳುವಂತಿಲ್ಲ. ಈ ಅನ್ಯಾಯ ಸರಿಪಡಿಸಲು 2012ರಲ್ಲಿ ಕೃತಿಸ್ವಾಮ್ಯ ಕಾಯಿದೆಗೆ ತಿದ್ದುಪಡಿ ಬಂತು. ಚಿತ್ರಮಂದಿರದಲ್ಲಿ ಸಿನಿಮಾದ ಜೊತೆ ಮೊಳಗುವುದು ಬೇರೆ ಮಾತು. ಅದರಾಚೆ ಹಾಡು ಎಲ್ಲಿ ದುಡಿದರೂ ಬರೆದವನಿಗೆ, ರಾಗ ಹಾಕಿದವನಿಗೆ ಗೌರವಧನದಲ್ಲಿ ಸಮಪಾಲು. ಆ ಪಾಲನ್ನು ವಾರಸುದಾರರಿಗೆ ಅಥವಾ ಅವರ ಹಕ್ಕಿನ ಸಂಘಕ್ಕೆ ಬಿಟ್ಟು ಬೇರೆ ಯಾರಿಗೂ ಬರೆದುಕೊಡುವಂತೆಯೂ ಇಲ್ಲ.

ಆದರೆ ದುಡ್ಡು ದಾರಿ ಹುಡುಕಿಕೊಂಡು ಹೋಗುವುದು ಯಾವುದರಿಂದ? ದಾಖಲೆಯಲ್ಲಿರುವ ಹೆಸರಿನಿಂದ. ಪ್ರತಿ ಧ್ವನಿಮುದ್ರಣಕ್ಕೂ 12 ಅಕ್ಷರ-ಅಂಕಿಗಳ ಒಂದು ಗುರುತು ಇರುತ್ತದೆ. ಆದರೆ ಹಾಡನ್ನು ಬರೆದವರು, ರಾಗ ಹಾಕಿದವರು ಯಾರು ಅನ್ನುವುದನ್ನು ಬೇರೆಯಾಗಿ ಸರಿಯಾಗಿ ಬರೆದು ಜೋಡಿಸಿದ್ದರೆ ತಾನೇ ಪಾಲು ಮನೆ ಸೇರುವುದು? ಹೆಸರಿಲ್ಲದ ಹಾಡು ವಿಳಾಸವಿಲ್ಲದ ಮನಿಯಾರ್ಡರ್ ಇದ್ದ ಹಾಗೆ!

ಹಕ್ಕಿನ ಆಯಸ್ಸೂ ಸಣ್ಣದಲ್ಲ. ಧ್ವನಿಮುದ್ರಣಕ್ಕೆ ಪ್ರಕಟವಾದ ಮೇಲೆ 60 ವರ್ಷ. 1966ರಲ್ಲಿ ಬಂದ ತಟ್ಟೆಯ ಲೆಕ್ಕ 2026ರ ಕೊನೆಗೆ ಮುಗಿಯುತ್ತದೆ. ರಾಗಕ್ಕೂ ಸಾಹಿತ್ಯಕ್ಕೂ ಹಾಗಲ್ಲ, ಮಾಡಿದವರು ತೀರಿಕೊಂಡ ಮೇಲೆ 60 ವರ್ಷ. ಉದಯಶಂಕರ್ ಅವರ ಸಾಹಿತ್ಯಕ್ಕೆ 2053ರ ತನಕ, ರಾಜನ್ ಹಾಕಿದ ರಾಗಕ್ಕೆ 2080ರ ತನಕ. ಅಷ್ಟು ವರ್ಷ ಹೆಸರು ಉಳಿಯಬೇಕಲ್ಲ!

ಬಾಡಿಗೆ ಹಾಡು

ಇನ್ನೊಂದು ಮಾತು. ತಟ್ಟೆ ನಿಮ್ಮದು, ಕ್ಯಾಸೆಟ್ ನಿಮ್ಮದು. ಮೊಬೈಲಿನ ಹಾಡು ಬಾಡಿಗೆಯದು. ಕಂಪನಿ-ಕಂಪನಿ ಮುನಿಸಿಕೊಂಡರೆ 2019ರ ಹಾಗೆ ರಾತ್ರೋರಾತ್ರಿ ಮಾಯ. ಕಾಕನಕೋಟೆ ಕಾಡಿನ ಕಡೆ ಹೋದರೆ ಸಿಗ್ನಲ್ ಜೊತೆ ಹಾಡೂ ಹೋಯ್ತು. ಮೂಲ ಟೇಪು ಕಳೆದುಹೋದ, ಸಣ್ಣಪುಟ್ಟ ಕಂಪನಿಗಳಿಂದ ಬಂದ ಹಾಡುಗಳಂತೂ ಅಂಗಡಿಯ ಬಾಗಿಲಿಗೇ ಬರುವುದು ಕಷ್ಟ. ಅಂಥ ಎಷ್ಟೋ ಹಾಡು ಇವತ್ತು ಬದುಕಿದ್ದರೆ ಅದು ಅಟ್ಟದ ಮೇಲಿನ ತಟ್ಟೆಯನ್ನು ಒರೆಸಿ, ತಾವೇ ನುಡಿಸಿ, ಯೂಟ್ಯೂಬಿಗೆ ಹಾಕಿದ ಹೆಸರಿಲ್ಲದ ಅಭಿಮಾನಿಗಳಿಂದ. ಅವರಿಗೆ ದೊಡ್ಡ ನಮಸ್ಕಾರ!

ಆದ್ದರಿಂದ ತಮ್ಮಂದಿರಾ, ಕಟೌಟಿಗೆ ಹಾಲೆರೆಯುವ ಕೈಯಿಂದ ಇನ್ನೊಂದು ಕೆಲಸ ಮಾಡಿ. ಅಟ್ಟ ಹತ್ತಿ. ಅಪ್ಪನ ಕಾಲದ ಇ.ಪಿ., ಕ್ಯಾಸೆಟ್, ಹಾಡಿನ ಪುಸ್ತಕ ಇದ್ದರೆ ಗುಜರಿಯವನಿಗೆ ತೂಕಕ್ಕೆ ಹಾಕಬೇಡಿ. ಮೇಲಿರುವ ಹೆಸರುಗಳನ್ನು ಫೋಟೋ ಹೊಡೆದು ಇಡಿ. ಹಾಡನ್ನು ಸ್ಟೇಟಸ್‌ಗೆ ಹಾಕುವಾಗ ನಾಯಕನ ಹೆಸರಿನ ಜೊತೆ ಕವಿ, ಸಂಗೀತ, ಗಾಯಕ, ಮೂರು ಹೆಸರು ಕನ್ನಡದಲ್ಲೇ ಬರೆಯಿರಿ. ನಾಲ್ಕು ಸಲ ಬರೆದರೆ ನಾಲಿಗೆಗೆ ತಾನಾಗಿ ಬರುತ್ತದೆ.

ದುಡ್ಡಿನ ಲೆಕ್ಕ ಕಂಪನಿ ನೋಡಲಿ, ಕಾಯಿದೆ ನೋಡಲಿ. ಹೆಸರಿನ ಲೆಕ್ಕ ಇಡುವುದು ಅಭಿಮಾನಿಯ ಕೆಲಸ. ಅದನ್ನು ಯಾವ ಆ್ಯಪೂ ಮಾಡಿಕೊಡುವುದಿಲ್ಲ!