ಮೂರು ಮೂಲೆಯ ಹೊಲದ ಅಳತೆ

ಹಳ್ಳದ ದಡದಲ್ಲಿಯೂ ಬಂಡಿದಾರಿಗಳು ಕೂಡುವಲ್ಲಿಯೂ ಮೂರು ಮೂಲೆಯ ಹೊಲಗಳಿರುವುದನ್ನು ಗ್ರಾಮ ಪ್ರಮುಖರೂ ಜಮೀನುದಾರರೂ ಬಲ್ಲರು. ಇಂಥವುಗಳ ಕ್ರಯ, ಅದಲುಬದಲು ಅಥವಾ ಪಾಲಿನ ಕಾಲದಲ್ಲಿ ಒಂದು ಮಗ್ಗುಲನ್ನು ಅಳೆಯಲಾಗದಿದ್ದರೆ ವಿಸ್ತೀರ್ಣವನ್ನು ಕಣ್ಣಂದಾಜಿನಿಂದಲೇ ಗೊತ್ತುಮಾಡುವ ವಾಡಿಕೆಯುಂಟು. ಸುತ್ತಳತೆಯು ತಿಳಿದಿರುವಲ್ಲಿ ಇದಕ್ಕೆ ಅವಕಾಶವೇ ಇಲ್ಲ.

ಮೋಜಣಿಯ ಸರಪಣಿಯು 33 ಅಡಿ, ಅಂದರೆ 16 ಆಣೆ. ಒಂದು ಚದರ ಸರಪಣಿಯೇ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಒಂದು ಹೊಲಕ್ಕೆ ಮೂರು ಎಳೆಯ ತಂತಿಬೇಲಿ ಹಾಕಿದೆಯೆಂದೂ, ಅನಂತರ ಒಂದು ಮಗ್ಗುಲಲ್ಲಿ ಲಂಟಾನವು ಬೆಳೆದು ಸರಪಣಿ ಎಳೆಯಲು ಆಗದೆಂದೂ ಇಟ್ಟುಕೊಳ್ಳೋಣ. ಕಂಬಕ್ಕೆ ಸುತ್ತಿದ್ದನ್ನು ಕಳೆದು, ಹಿಡಿದ ತಂತಿ 126 ಸರಪಣಿ. ಮೂರರಿಂದ ಭಾಗಿಸಲು ಸುತ್ತಳತೆ 42. ಅಳೆದ ಮಗ್ಗುಲುಗಳು 13 ಮತ್ತು 14. ಇವುಗಳ ಮೊತ್ತ 27ನ್ನು 42ರಲ್ಲಿ ಕಳೆದರೆ ಮೂರನೆಯದು 15.

ಲೆಕ್ಕವು ಸುಲಭವೇ ಸರಿ. ಆದರೆ ಸುತ್ತಳತೆಯಲ್ಲಿ ಬಿದ್ದ ತಪ್ಪೆಲ್ಲವೂ ಅಳೆಯದ ಆ ಒಂದು ಮಗ್ಗುಲಿನ ಮೇಲೆಯೇ ಬೀಳುವುದೆಂಬುದನ್ನು ಮರೆಯಕೂಡದು. ಯಾವ ಮಗ್ಗುಲೂ ಸುತ್ತಳತೆಯ ಅರ್ಧಕ್ಕಿಂತ ಕಡಮೆಯಾಗಿಯೇ ಇರತಕ್ಕದ್ದು. ಹಾಗಿಲ್ಲದಿದ್ದರೆ ತಂತಿಯ ಲೆಕ್ಕವನ್ನಾಗಲಿ ಅಳತೆಯನ್ನಾಗಲಿ ಪುನಃ ನೋಡಬೇಕು.

ಇನ್ನು ವಿಸ್ತೀರ್ಣ. ಸುತ್ತಳತೆಯ ಅರ್ಧ 21. ಇದರಲ್ಲಿ ಒಂದೊಂದು ಮಗ್ಗುಲನ್ನೂ ಕಳೆಯಲು 8, 7, 6 ಉಳಿಯುವುವು. ಈ ನಾಲ್ಕನ್ನೂ ಗುಣಿಸಲು 7056. ಅದರ ವರ್ಗಮೂಲ 84. ಆದ್ದರಿಂದ ಹೊಲವು 2 ಎಕರೆ 4 ಗುಂಟೆ. ಈ ಕ್ರಮವು ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರ ಗಣಿತಸಾರಸಂಗ್ರಹದಲ್ಲಿಯೇ ಇದೆ. ತಾಳೆ ನೋಡಬೇಕಾದರೆ 14ರ ಮಗ್ಗುಲಿನಿಂದ ಎದುರು ಮೂಲೆಗೆ ಲಂಬವಾಗಿ ಅಳೆಯಿರಿ: 12 ಬರುವುದು. 14ನ್ನು 12ರಿಂದ ಗುಣಿಸಿ ಅರ್ಧಮಾಡಿದರೂ 84.

ಸುತ್ತಳತೆಯನ್ನು 43 ಎಂದು ತಪ್ಪಾಗಿ ಹಿಡಿದಿದ್ದರೆ ಮೂರನೆಯ ಮಗ್ಗುಲು 16 ಆಗಿ, ಇಲ್ಲದ ಸುಮಾರು 3 ಗುಂಟೆ ನೆಲಕ್ಕೆ ಕೊಳ್ಳುವವನು ಹಣ ತೆರಬೇಕಾಗುತ್ತಿತ್ತು.

ಬೇಲಿ ಸಮನಾದರೆ ನೆಲವೂ ಸಮವೆಂಬ ಭಾವನೆಯು ಇದಕ್ಕಿಂತಲೂ ಹೆಚ್ಚು ಕೆಡುಕಿನದು. 20, 20, 2 ಸರಪಣಿಯ ಮಗ್ಗುಲುಗಳುಳ್ಳ ಹೊಲದ ಸುತ್ತಳತೆಯೂ 42ೇ. ವಿಸ್ತೀರ್ಣವೋ 20 ಗುಂಟೆಗೆ ತುಸು ಕಡಮೆ. ಬೇಲಿಯನ್ನು ಮಾತ್ರ ನೋಡಿ ಅಣ್ಣತಮ್ಮಂದಿರು ಇವೆರಡನ್ನು ಸಮಪಾಲೆಂದು ಹಂಚಿಕೊಂಡರೆ ಒಬ್ಬನಿಗೆ ಮತ್ತೊಬ್ಬನ ಕಾಲುಭಾಗವೂ ದೊರೆಯದು.

ಬದುವು ಬಾಗಿರುವ ಕಡೆ ಈ ಕ್ರಮವು ಸಲ್ಲದು. ಅಂಥ ಹೊಲವನ್ನು ಮೋಜಣಿದಾರರಿಂದಲೇ ಅಳೆಯಿಸತಕ್ಕದ್ದು.