ನೀರಿನ ಗುಳಿಗೆ: ಜಮಾ-ಖರ್ಚಿನ ಎಚ್ಚರ

ಮುಂಬಯಿಯ ಉಪನಗರ ರೈಲುಗಳಲ್ಲಿ ಶೌಚಗೃಹವಿಲ್ಲ. ವಿರಾರದಿಂದ ಚರ್ಚ್‌ಗೇಟಿಗೆ ಸುಮಾರು 60 ಕಿಲೋಮೀಟರ್, ಡೊಂಬಿವಲಿಯಿಂದ ಹಿಂದಿನ ಬೋರಿಬಂದರಿಗೆ ಸುಮಾರು 48 ಕಿಲೋಮೀಟರ್. ಆರೋಗ್ಯವಂತನಿಗೆ ಇದೊಂದು ದೊಡ್ಡ ವಿಷಯವಲ್ಲ. ಆದರೆ ವೈದ್ಯರು ಮೂತ್ರವರ್ಧಕ ಔಷಧವನ್ನು ವಿಧಿಸಿರುವ ವ್ಯಕ್ತಿಗೆ ಅದೇ ಮುಂಜಾನೆಯ ಮೊದಲ ಚಿಂತೆ. ಆರು ಗಂಟೆಗೆ ಗುಳಿಗೆ ನುಂಗಿ ಏಳರ ಗಾಡಿ ಹಿಡಿದರೆ, ಠಾಣೆ ದಾಟುವಷ್ಟರಲ್ಲಿ ಪೇಚಾಟ ಪ್ರಾರಂಭವಾಗುತ್ತದೆ. ಹೀಗಾಗಿ ಕೆಲವರು ಯಾರಿಗೂ ಹೇಳದೆ ಕೆಲಸದ ದಿನಗಳಲ್ಲಿ ಗುಳಿಗೆಯನ್ನು ಬಿಟ್ಟು, ರವಿವಾರದಂದು ಮಾತ್ರ ಸೇವಿಸುತ್ತಾರೆ. ಸಂಕೋಚದಿಂದ ಹುಟ್ಟಿದ ಈ ಉಪಾಯವು ಹೃದ್ರೋಗಿಯನ್ನು ಆಸ್ಪತ್ರೆಯ ಹಾಸಿಗೆಗೆ ತಲುಪಿಸಬಲ್ಲದು.

ಶರೀರದಲ್ಲಿ ನೀರಿಗೂ ಉಪ್ಪಿಗೂ ಒಂದು ಜಮಾ-ಖರ್ಚಿನ ಲೆಕ್ಕವಿದೆ. ಅದನ್ನು ಸರಿದೂಗಿಸುವ ಹೊಣೆ ಮೂತ್ರಪಿಂಡಗಳದು. ಹೃದಯವು ದುರ್ಬಲಗೊಂಡಾಗ, ಯಕೃತ್ತು ಅಥವಾ ಮೂತ್ರಪಿಂಡಗಳು ರೋಗಗ್ರಸ್ತವಾದಾಗ ಜಮೆ ಹೆಚ್ಚಿ ಕಾಲು ಊದುತ್ತದೆ, ಉಸಿರು ಕಟ್ಟುತ್ತದೆ. ಮೂತ್ರವರ್ಧಕವು ಉಪ್ಪನ್ನೂ ಅದರೊಡನೆ ನೀರನ್ನೂ ಹೊರಹಾಕಿ ಈ ಭಾರವನ್ನಿಳಿಸುತ್ತದೆ. ಹಿಂದೆ ಈ ಕಾರ್ಯಕ್ಕೆ ಪಾದರಸದ ಚುಚ್ಚುಮದ್ದೇ ಗತಿಯಾಗಿತ್ತು. 1950ರ ದಶಕದ ಕೊನೆಯಲ್ಲಿ ಥಯಜೈಡ್ ಗುಳಿಗೆಗಳೂ, ಮುಂದಿನ ದಶಕದಲ್ಲಿ ಫ್ಯೂರೋಸೆಮೈಡ್ ಔಷಧವೂ ಬಳಕೆಗೆ ಬಂದವು. ರಕ್ತದೊತ್ತಡಕ್ಕೆ ಥಯಜೈಡ್ ವರ್ಗದ ಗುಳಿಗೆಗಳನ್ನು ಇಂದಿಗೂ ಹೇರಳವಾಗಿ ಕೊಡಲಾಗುತ್ತಿದೆ.

ಔಷಧವನ್ನು ಸೇವಿಸುವ ವೇಳೆ ಮುಖ್ಯವಾದುದು. ಫ್ಯೂರೋಸೆಮೈಡ್ ಗುಳಿಗೆಯು ಒಂದು ಗಂಟೆಯೊಳಗೆ ಕೆಲಸವನ್ನಾರಂಭಿಸಿ ಸುಮಾರು ಆರು ಗಂಟೆಗಳವರೆಗೆ ಪರಿಣಾಮ ಬೀರುತ್ತದೆ. ರಾತ್ರಿಯ ನಿದ್ರೆ ಕೆಡದಿರಲೆಂದು ಇದನ್ನು ಬೆಳಿಗ್ಗೆ ಕೊಡುವುದು ರೂಢಿ. ಪ್ರಯಾಣದ ತೊಂದರೆಯಿದ್ದವರು ಅದನ್ನು ವೈದ್ಯರಲ್ಲಿ ಬಿಚ್ಚಿ ಹೇಳಬೇಕು. ಕಚೇರಿ ಸೇರಿದ ಮೇಲೆ ಸೇವಿಸಲು ಅನೇಕರಿಗೆ ಅವರು ಒಪ್ಪಿಗೆ ಕೊಟ್ಟಾರು. ಮರೆತ ಗುಳಿಗೆಯ ಬಾಕಿ ತೀರಿಸಲೆಂದು ಒಮ್ಮೆಲೇ ಎರಡನ್ನು ನುಂಗುವುದು ಸಲ್ಲದು. ಊತ ಇಳಿಯಿತೆಂದು ತಾನಾಗಿ ನಿಲ್ಲಿಸುವುದೂ, ನೆರೆಮನೆಯವರ ಕಾಲೂತಕ್ಕೆ ತನ್ನ ಗುಳಿಗೆಯನ್ನು ಕೊಡುವುದೂ ಅಷ್ಟೇ ಅಪಾಯಕರ. ಒಂದೇ ಔಷಧವು ಹಲವು ಹೆಸರುಗಳಿಂದ ಮಾರಾಟವಾಗುವುದರಿಂದ, ಹೊಸ ಚೀಟಿಯೊಡನೆ ಹಳೆಯ ಪಟ್ಟಿಯನ್ನೂ ವೈದ್ಯರಿಗೆ ತೋರಿಸದಿದ್ದಲ್ಲಿ ಇಮ್ಮಡಿ ಸೇವನೆಯಾದೀತು.

ಖರ್ಚು ಅತಿಯಾದರೆ ಶರೀರವು ಸೂಚನೆ ಕೊಡುತ್ತದೆ. ಎದ್ದು ನಿಂತಾಗ ತಲೆ ಸುತ್ತುವುದು, ವಿಪರೀತ ಬಾಯಾರಿಕೆ, ಮೀನಖಂಡದ ಸೆಳೆತ, ಎದೆಬಡಿತದ ಏರುಪೇರು, ವೃದ್ಧರಲ್ಲಿ ಗೊಂದಲದ ಮಾತು ಇವು ಅಂಥವು. ತಲೆ ಸುತ್ತುವವರು ಹಾಸಿಗೆಯಂಚಿನಲ್ಲಿ ಕ್ಷಣಕಾಲ ಕುಳಿತು ಏಳಬೇಕು. ರೈಲಿನ ಬಾಗಿಲ ಬಳಿ ನಿಲ್ಲಲೇಬಾರದು. ಪ್ರಾತಃಕಾಲ ಮೂತ್ರವಿಸರ್ಜನೆಯ ತರುವಾಯ, ಉಪಾಹಾರಕ್ಕೆ ಮುನ್ನ ತೂಕ ನೋಡಿ ಬರೆದಿಡುವುದು ಹೃದ್ರೋಗಿಗೆ ಉತ್ತಮ ಅಭ್ಯಾಸ. ಮೂರು ದಿನಗಳಲ್ಲಿ ತೂಕವು 2 ಕಿಲೋಗ್ರಾಮಿಗಿಂತ ಹೆಚ್ಚು ಏರಿದರೆ ನೀರು ಸಂಗ್ರಹವಾಗುತ್ತಿದೆಯೆಂದು ತಿಳಿದು ಕೂಡಲೇ ವೈದ್ಯರನ್ನು ಕಾಣಬೇಕು.

ಪೊಟ್ಯಾಸಿಯಮ್ಮಿನ ವಿಷಯದಲ್ಲಿ ಹಲವರು ಎಡವುತ್ತಾರೆ. ಥಯಜೈಡ್ ಮತ್ತು ಫ್ಯೂರೋಸೆಮೈಡ್‌ಗಳು ಅದನ್ನು ಶರೀರದಿಂದ ಹೊರಹಾಕುತ್ತವೆ. ಸ್ಪೈರೊನೊಲ್ಯಾಕ್ಟೋನ್ ಅದನ್ನು ಉಳಿಸಿಕೊಳ್ಳುತ್ತದೆ. ಮೊದಲಿನ ಗುಂಪಿನವರಿಗೆ ಹಿತವಾದ ಎಳನೀರು ಎರಡನೆಯವರಿಗೂ ಮೂತ್ರಪಿಂಡದ ರೋಗಿಗಳಿಗೂ ಅಹಿತವಾಗಬಹುದು. ಸೋಡಿಯಂ ಕಡಿಮೆಯಿರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಸೇರಿರುವುದರಿಂದ ಅದಕ್ಕೂ ವೈದ್ಯರ ಸಮ್ಮತಿ ಬೇಕು. ವೈದ್ಯರು ಸೂಚಿಸಿದಾಗಲೆಲ್ಲ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದೇ ಇದಕ್ಕೆ ಸರಿಯಾದ ತಾಳೆ. ಮಧುಮೇಹ, ಸಂಧಿಗಳ ಗೌಟ್ ಬೇನೆ, ಸಲ್ಫಾ ಔಷಧಗಳ ಅಲರ್ಜಿ, ಡಿಗಾಕ್ಸಿನ್ ಅಥವಾ ಲಿಥಿಯಂ ಸೇವನೆ ಇದ್ದಲ್ಲಿ ಮೊದಲೇ ತಿಳಿಸಬೇಕು. ಸೊಂಟನೋವಿಗೆಂದು ಅಂಗಡಿಯಿಂದ ತಂದು ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಗುಳಿಗೆಗಳು ಮೂತ್ರವರ್ಧಕದ ಗುಣವನ್ನು ಕುಂದಿಸಿ ಮೂತ್ರಪಿಂಡಗಳಿಗೆ ಧಕ್ಕೆ ತರಬಲ್ಲವು.

ಆಹಾರದಲ್ಲಿ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಊರಿನಿಂದ ಬಂದ ಮಾವಿನಮಿಡಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳನ್ನು ಧಾರಾಳವಾಗಿ ಬಡಿಸಿಕೊಂಡು ಗುಳಿಗೆಯನ್ನು ನುಂಗುವುದು, ಒಂದು ಕೈಯಿಂದ ಕಟ್ಟಿದ್ದನ್ನು ಇನ್ನೊಂದು ಕೈಯಿಂದ ಕೆಡವಿದಂತೆ.

ಈ ನಗರದ ಹವೆಯೂ ಲೆಕ್ಕಕ್ಕೆ ಬರುತ್ತದೆ. 2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರ್‌ಘರದ ಬಯಲು ಸಮಾರಂಭದಲ್ಲಿ ಹತ್ತಕ್ಕೂ ಹೆಚ್ಚು ಜನ ಬಿಸಿಲಿನ ಆಘಾತದಿಂದ ಮೃತಪಟ್ಟರು. ಬೆವರಿನ ವೆಚ್ಚದ ಮೇಲೆ ಗುಳಿಗೆಯ ವೆಚ್ಚವೂ ಸೇರಿದವರು ಇಂತಹ ಬಿಸಿಲಿನಿಂದ ದೂರವಿರುವುದೇ ಲೇಸು. ವಾಂತಿ-ಭೇದಿಯಾದಾಗ ಗುಳಿಗೆಯನ್ನು ಮುಂದುವರಿಸಬೇಕೇ, ಎಷ್ಟು ನೀರು ಕುಡಿಯಬೇಕು ಎಂಬುದನ್ನು ಅಂದೇ ವೈದ್ಯರಿಂದ ಕೇಳಿ ತಿಳಿಯಬೇಕು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಅಸಂಖ್ಯ ಜನರು ಗಾಡಿಗಳಲ್ಲಿಯೂ ಕಚೇರಿಗಳಲ್ಲಿಯೂ ರಾತ್ರಿ ಕಳೆದರು. ಕೈಚೀಲದಲ್ಲಿ ಎರಡು ದಿನಗಳ ಔಷಧ ಹಾಗೂ ಚೀಟಿಯ ಪ್ರತಿ ಇರಬೇಕೆಂಬುದು ಅಂದು ಕಲಿತ ಪಾಠ. ರಾತ್ರಿಯ ಬಸ್ಸಿನಲ್ಲಿ ಊರಿಗೆ ಹೊರಡುವವರಿಗೂ ಅದು ಅನ್ವಯಿಸುತ್ತದೆ.

ಮೂತ್ರದ ಮಾತನ್ನಾಡಲು ನಾಚುವುದು ನಮ್ಮವರ ಸ್ವಭಾವ. ಮನೆಯ ಹಿರಿಯರು ಗುಳಿಗೆಯನ್ನು ನಿತ್ಯ ಸೇವಿಸುತ್ತಿರುವರೇ ಎಂದು ಮನೆಮಂದಿ ಇಂದೇ ಮೆಲ್ಲನೆ ವಿಚಾರಿಸಲಿ. ಆ ಒಂದು ಪ್ರಶ್ನೆಯಿಂದ ಸಂಕೋಚವೂ ಕಳೆದೀತು, ಜೀವವೂ ಉಳಿದೀತು.